ಒಂದು ಸಿಮ್ ಕಾರ್ಡ್, ಹನ್ನೆರಡು ದಿನ

ನಮಸ್ಕಾರ. 2007ರ ಜುಲೈ 2ರ ರಾತ್ರಿ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಆಸ್ಟ್ರೇಲಿಯಾದ ಪೊಲೀಸರು ಡಾ. ಮೊಹಮ್ಮದ್ ಹನೀಫ್ ಅವರನ್ನು ಬಂಧಿಸಿದರು. ನಮ್ಮ ಕರ್ನಾಟಕದವರು. ಬೆಂಗಳೂರಿನಲ್ಲಿ ಮಗಳು ಹುಟ್ಟಿ ಒಂದು ವಾರವಾಗಿತ್ತಷ್ಟೇ, ಆ ಮಗುವನ್ನು ನೋಡಲು ಹೊರಟಿದ್ದರು.

ಆರೋಪ ಒಂದು ಸಿಮ್ ಕಾರ್ಡಿನದು. ಇಂಗ್ಲೆಂಡ್ ಬಿಡುವಾಗ ಅದನ್ನು ಸಂಬಂಧಿಕನ ಕೈಗೆ ಕೊಟ್ಟು ಬಂದಿದ್ದರು. ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉಗ್ರರು ನುಗ್ಗಿಸಿದ ಜೀಪಿನಲ್ಲಿ ಅದು ಸಿಕ್ಕಿತೆಂದು ಸರ್ಕಾರಿ ವಕೀಲರು ನ್ಯಾಯಾಲಯಕ್ಕೆ ಹೇಳಿದರು. ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ! ಜಾಮೀನು ಸಿಕ್ಕ ದಿನವೇ ಸಚಿವರು ವೀಸಾ ರದ್ದುಪಡಿಸಿದರು. ಜುಲೈ 27ರಂದು ಪ್ರಕರಣವನ್ನೇ ಕೈಬಿಟ್ಟರು.

ನನ್ನನ್ನು ಕಾಡುವುದು ಆರೋಪ ಹೊರಿಸುವ ಮೊದಲಿನ ಆ 12 ದಿನ. ಕಾನೂನಿನ ಪ್ರಕಾರ ವಿಚಾರಣೆಗೆ ಗರಿಷ್ಠ 24 ಗಂಟೆ. ಆದರೆ ಪ್ರಶ್ನೆ ಕೇಳದೆ ಕಳೆದ ಹೊತ್ತನ್ನು ಲೆಕ್ಕದಿಂದ ಬಿಡಲು ಅದೇ ಕಾನೂನು ಅವಕಾಶ ಕೊಟ್ಟಿತ್ತು, ಅದಕ್ಕೊಂದು ಮಿತಿಯೂ ಇರಲಿಲ್ಲ. ಪೊಲೀಸರು ಕಾನೂನು ಮುರಿಯಬೇಕಾಗಿಯೇ ಇರಲಿಲ್ಲ. ಒಬ್ಬ ಮನುಷ್ಯ ಒಳಗೆ ಹೋಗುವವರೆಗೂ ಆ ಕಿಂಡಿ ಯಾರ ಕಣ್ಣಿಗೂ ಬಿದ್ದಿರಲಿಲ್ಲವೇ?

2010ರಲ್ಲಿ ಆಸ್ಟ್ರೇಲಿಯಾ ಭದ್ರತಾ ಕಾನೂನುಗಳ ಮೇಲೆ ಕಣ್ಣಿಡಲು ಸ್ವತಂತ್ರ ಪರಿಶೀಲಕರ ಹುದ್ದೆ ಸೃಷ್ಟಿಸಿತು. ಮರುವರ್ಷ ವಕೀಲ ಬ್ರೆಟ್ ವಾಕರ್ ಆ ಹುದ್ದೆಗೆ ಬಂದರು. ಆ ಹುದ್ದೆಯಲ್ಲಿರುವವರು ಗುಪ್ತ ಕಡತವನ್ನೂ ತರಿಸಿಕೊಂಡು ನೋಡಬಹುದು. ಗುಟ್ಟಿನ ಭಾಗ ಬಿಟ್ಟು ಉಳಿದ ವರದಿಯನ್ನು ಸರ್ಕಾರ ಸಂಸತ್ತಿನ ಮುಂದೆ ಇಡಲೇಬೇಕು. ಮುನ್ನೆಚ್ಚರಿಕೆ ಬಂಧನದ ಅಧಿಕಾರವನ್ನು ತೆಗೆದುಹಾಕಿ ಎಂದು ವಾಕರ್ ನೇರವಾಗಿ ಬರೆದರು. ಸರ್ಕಾರ ಕೇಳಲಿಲ್ಲ, 2014ರಲ್ಲಿ ಹುದ್ದೆಯನ್ನೇ ರದ್ದುಮಾಡಲು ಹೊರಟು ಹಿಂದೆ ಸರಿಯಿತು. ಆದರೂ ಆ ಮಾತು ದಾಖಲೆಯಲ್ಲಿ ಉಳಿದಿದೆ, ಯಾವ ಸಂಸದರೂ ಅದನ್ನು ಎತ್ತಿ ಹಿಡಿದು ಉತ್ತರ ಕೇಳಬಹುದು.

ನಮ್ಮಲ್ಲಿ? ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ, ಅಂದರೆ ಯುಎಪಿಎ ಅಡಿಯಲ್ಲಿ ಆರೋಪಪಟ್ಟಿ ಸಲ್ಲಿಸದೆ 180 ದಿನಗಳವರೆಗೆ ಸೆರೆಯಲ್ಲಿಡಬಹುದು. ರಾಷ್ಟ್ರೀಯ ಭದ್ರತಾ ಕಾಯ್ದೆಯಲ್ಲಿ ವಿಚಾರಣೆಯೇ ಇಲ್ಲದೆ 12 ತಿಂಗಳು. ಸಲಹಾ ಮಂಡಳಿ ಇದೆಯಲ್ಲ ಎನ್ನುತ್ತಾರೆ. ಅದು ನೋಡುವುದು ಬಂಧಿತನ ಕಡತವನ್ನು. ಕಾಯ್ದೆ ಬೇಕೇ, ಅತಿಯಾಯಿತೇ, ಎಲ್ಲೆಲ್ಲಿ ದುರುಪಯೋಗವಾಯಿತು ಎಂದು ಕೇಳುವ ಕೆಲಸ ಅದರದ್ದಲ್ಲ. ಆ ಕೆಲಸಕ್ಕೆಂದೇ ಒಬ್ಬರನ್ನು ನೇಮಿಸಿ, ಗುಪ್ತ ಕಡತಗಳ ಬೀಗದ ಕೈ ಅವರಿಗೆ ಕೊಡಿ, ಪ್ರತಿ ವರ್ಷ ಅವರ ವರದಿಯನ್ನು ಲೋಕಸಭೆಯಲ್ಲಿ ಮಂಡಿಸಿ. ನಿಮ್ಮ ಸಂಸದರು ಊರಿಗೆ ಬಂದಾಗ ಇದನ್ನೇ ಕೇಳಿ.