ಕನ್ನಡಕ್ಕೆ ಎಷ್ಟು ಪಾಯಿಂಟ್ ಬೇಕು?

ಕೇಳುಗರೇ, ನಮಸ್ಕಾರ.

ನಮ್ಮ ವಿಜಯಪುರದ ಕಡೆ ಪಾಯಿಂಟ್ ಅಂದರೆ ಮೊದಲು ನೆನಪಾಗುವುದು ಬೋರ್‌ವೆಲ್. ಹೊಲದಲ್ಲಿ ಇಲ್ಲಿ ಕೊರೆಯಿರಿ ಎಂದು ಗುರುತು ಮಾಡಿದ ಜಾಗವೇ ಪಾಯಿಂಟ್. ವೈರಿಂಗ್ ಮಾಡುವವರು ಕೂಲಿ ಹೇಳುವುದೂ ಪಾಯಿಂಟ್ ಲೆಕ್ಕದಲ್ಲಿ. ಇವತ್ತು ನಾನು ಹೇಳಬೇಕೆಂದಿರುವುದು ಇನ್ನೊಂದು ಪಾಯಿಂಟ್ ಬಗ್ಗೆ. ಲಗ್ನಪತ್ರಿಕೆ ಮಾಡಿಸಲು ಡಿಟಿಪಿ ಅಂಗಡಿಗೆ ಹೋದಾಗ "ಎಷ್ಟು ಪಾಯಿಂಟ್ ಇಡಲಿ?" ಎಂದು ಕೇಳುತ್ತಾರಲ್ಲ, ಅದು.

ಇದು ಅಕ್ಷರದ ಅಳತೆ. ಕಂಪ್ಯೂಟರಿನಲ್ಲಿ ಒಂದು ಇಂಚಿಗೆ 72 ಪಾಯಿಂಟ್. 12 ಪಾಯಿಂಟ್ ಅಂದರೆ ಇಂಚಿನಲ್ಲಿ ಆರನೇ ಒಂದು ಪಾಲು. 1737ರಲ್ಲಿ ಫ್ರಾನ್ಸಿನ ಫೂರ್ನಿಯೆ ಇಂಥದೊಂದು ಅಳತೆ ಗೊತ್ತುಮಾಡಿದ. ಆಗ ಅಕ್ಷರ ಅಂದರೆ ಸೀಸದ ಮೊಳೆ, ಅಂದರೆ ತುದಿಯಲ್ಲಿ ಅಕ್ಷರ ಮೂಡಿಸಿದ ಪುಟ್ಟ ಅಚ್ಚು. ಪಾಯಿಂಟ್ ಅಳೆಯುತ್ತಿದ್ದದ್ದು ಮೊಳೆಯ ಮೈಯನ್ನು, ಅದರ ಮೇಲೆ ಮೂಡಿದ ಅಕ್ಷರವನ್ನಲ್ಲ. ಮೊಳೆ ಹೋಯಿತು, ಲೆಕ್ಕ ಹಾಗೇ ಉಳಿಯಿತು.

ಕನ್ನಡಕ್ಕೆ ಇಕ್ಕಟ್ಟಾಗುವುದು ಇಲ್ಲೇ. 'ಶಾಸ್ತ್ರ' ಎಂದು ಬರೆದು ನೋಡಿ. ಸಕಾರದ ಕೆಳಗೆ ತ ಒತ್ತು, ಅದರ ಜೊತೆಗೆ ರ ಒತ್ತು. 'ಸ್ತ್ರೀ' ಎಂದರೆ ಮೇಲೆ ಗುಡಿಸೂ ಬಂತು. ಇದೆಲ್ಲ ಅದೇ 12 ಪಾಯಿಂಟಿನಲ್ಲಿ ಕೂರಬೇಕು. ಹಾಗಾಗಿ ಬಹಳ ಫಾಂಟ್‌ಗಳಲ್ಲಿ ನಡುವಿನ ಅಕ್ಷರವೇ ಕುಗ್ಗುತ್ತದೆ. ಇಂಗ್ಲಿಷಿಗೆ ಈ ಕಷ್ಟ ಇಲ್ಲ.

ನಮ್ಮೂರಲ್ಲಿ ಮುದ್ರಣದ ಮಾತು ಬಂದರೆ ಫ. ಗು. ಹಳಕಟ್ಟಿಯವರನ್ನು ನೆನೆಯಲೇಬೇಕು. ಅವರ 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. 1925ರಲ್ಲಿ ಇಲ್ಲೇ, ಆಗಿನ ಬಿಜಾಪುರದಲ್ಲಿ, ಹಿತಚಿಂತಕ ಮುದ್ರಣಾಲಯ ಶುರು ಮಾಡಿದರು. ಆ ಪುಸ್ತಕದ ಹೆಸರಿನಲ್ಲೇ ಅಂಥ ಒತ್ತು ಇದೆ, ನೋಡಿ! ಒಂದೊಂದು ಒತ್ತಿಗೂ ಕೈಯಲ್ಲಿ ಮೊಳೆ ಆರಿಸಿ ಜೋಡಿಸುತ್ತಿದ್ದ ಕಾಲ ಅದು. ಅಷ್ಟು ಕಷ್ಟಪಟ್ಟು ಅಚ್ಚಿಗೆ ತಂದ ಅಕ್ಷರವನ್ನು ನಾವು ಓದಲಾಗದಷ್ಟು ಸಣ್ಣ ಮಾಡುತ್ತೇವಲ್ಲ ಎಂದು ನನಗೆ ಸಂಕಟ. ಜಾತ್ರೆಯ ಕರಪತ್ರ ಇರಲಿ, ಲಗ್ನಪತ್ರಿಕೆ ಇರಲಿ, ಎಲ್ಲರ ಹೆಸರೂ ಒಂದೇ ಪುಟದಲ್ಲಿ ಬರಲಿ ಎಂದು ತುರುಕುತ್ತೇವೆ.

ಇಂಗ್ಲಿಷ್ 12 ಇದ್ದರೆ ಕನ್ನಡವನ್ನು 14 ಇಡಿಸಿ. ಸಾಲುಗಳ ನಡುವೆ ಜಾಗ ಜಾಸ್ತಿ ಬಿಡಿಸಿ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಬಾರದು. ಪರದೆ ಮೇಲೆ ನೋಡಿ ಸುಮ್ನೆ ಒಪ್ಪಬೇಡಿ, ಅಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತದೆ. ಒಂದು ಪ್ರತಿ ತೆಗೆಸಿ, ಮನೆಯ ಹಿರಿಯರ ಕೈಗೆ ಕೊಟ್ಟು ಓದಿಸಿ. ಅವರು ಸಲೀಸಾಗಿ ಓದಿದ ಮೇಲೆ ಎಷ್ಟು ಪ್ರತಿ ಬೇಕೆಂದು ಹೇಳಿ. ನಮಸ್ಕಾರ.