ಕೋಷ್ಟಕವನ್ನು ಕಿವಿಯಿಂದ ಓದುವುದು: ಇಟಾಲಿಯನ್ ಕ್ರಿಯಾಪದಗಳ ಕೈಪಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇಟಾಲಿಯನ್ ಕಲಿಯಲು ಹೊರಟವರು ಪಠ್ಯಪುಸ್ತಕದ ಜೊತೆಗೆ ಸಾಮಾನ್ಯವಾಗಿ ಇನ್ನೊಂದು ಪುಸ್ತಕವನ್ನೂ ಕೊಳ್ಳುತ್ತಾರೆ. ಅದೇ ಕ್ರಿಯಾಪದಗಳ ಕೈಪಿಡಿ, ಅಂದರೆ ಒಂದೊಂದು ಕ್ರಿಯಾಪದದ ಎಲ್ಲ ರೂಪಗಳನ್ನೂ ಕೋಷ್ಟಕವಾಗಿ ಕೊಡುವ ಪುಸ್ತಕ. ಮಿಲಾನೊ, ತೊರಿನೊ ನಗರಗಳ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯಗಳಿಗೆ ಓದಲು ಹೋಗುವವರಿಗೆ ತರಗತಿಯಲ್ಲಿ ಇಂಗ್ಲಿಷ್ ಸಾಕಾಗಬಹುದು. ಆದರೆ ಬಾಡಿಗೆ ಮನೆಯ ಮಾತುಕತೆಗೆ, ವಾಸದ ಪರವಾನಗಿಗಾಗಿ ಪೊಲೀಸ್ ಕಚೇರಿಯಲ್ಲಿ ಸಾಲು ನಿಂತಾಗ, ಇಟಾಲಿಯನ್ ಬೇಕೇ ಬೇಕು. ಆ ಕೈಪಿಡಿಯನ್ನು ಬಳಸುವುದು ಹೇಗೆ ಎಂಬುದೇ ಇವತ್ತಿನ ಮಾತು.

ಪುಸ್ತಕ ತೆರೆದ ಕೂಡಲೇ ಎದೆ ಧಸಕ್ಕೆನ್ನುವುದು ಸಹಜ. ಇಟಾಲಿಯನ್ ಕ್ರಿಯಾಪದಕ್ಕೆ, ಹೇಳುವ ಧಾಟಿಗೆ ತಕ್ಕಂತೆ, ಮೂಡ್ ಎಂದು ಕರೆಯುವ ಏಳು ವಿಭಾಗಗಳಿವೆ. ಅವುಗಳಲ್ಲಿ ಇದ್ದದ್ದನ್ನು ನೇರವಾಗಿ ಹೇಳುವ ನಿಶ್ಚಯಾರ್ಥ ಒಂದರಲ್ಲೇ 8 ಕಾಲಗಳು. ಅನುಮಾನ, ಆಸೆಗಳನ್ನು ಹೇಳುವ ಸಂಭಾವನಾರ್ಥದ 4, ಷರತ್ತಿನ ಅರ್ಥದ 2 ಸೇರಿದರೆ 14. ಒಂದೊಂದು ಕಾಲಕ್ಕೂ 6 ರೂಪ ಎಂದು ಲೆಕ್ಕ ಹಾಕಿ: ಆಜ್ಞಾರ್ಥವನ್ನು ಬಿಟ್ಟರೂ ಒಂದು ಕ್ರಿಯಾಪದಕ್ಕೆ 84 ರೂಪಗಳು! ಮೊದಲ ಪುಟದಿಂದ ಉರು ಹೊಡೆಯುತ್ತಾ ಹೋದವರು ಮೂರನೆಯ ಪುಟದಲ್ಲೇ ಸುಸ್ತಾಗುತ್ತಾರೆ.

ನಮ್ಮಲ್ಲಿ ಸಂಸ್ಕೃತ ಕಲಿತವರು 'ಗಚ್ಛತಿ, ಗಚ್ಛತಃ, ಗಚ್ಛಂತಿ' ಎಂದು ರಾಗವಾಗಿ ಒಪ್ಪಿಸಿದವರೇ. ಆ ಪದ್ಧತಿಯನ್ನು ಬರೀ ಗಿಳಿಪಾಠ ಎಂದು ಹಳಿಯುವವರಿದ್ದಾರೆ. ನಾನು ಹಳಿಯುವುದಿಲ್ಲ. ಅದರಲ್ಲಿ ಒಂದು ದೊಡ್ಡ ಗುಣವಿತ್ತು: ರೂಪಗಳು ಕಣ್ಣಿಗಿಂತ ಮೊದಲು ಕಿವಿಗೆ ಬೀಳುತ್ತಿದ್ದವು. ಇಟಾಲಿಯನ್ ಕೋಷ್ಟಕವನ್ನೂ ಹಾಗೆಯೇ ಗಟ್ಟಿಯಾಗಿ ಓದಬೇಕು. ಯಾಕೆ ಎಂದರೆ, ನಾವು 'ಅನಿಯಮಿತ' ಎಂದು ಹೆದರುವ ಎಷ್ಟೋ ರೂಪಗಳ ಗುಟ್ಟು ಇರುವುದು ಸ್ವರಭಾರದಲ್ಲಿ, ಅಂದರೆ ಪದದ ಯಾವ ಅಕ್ಷರಕ್ಕೆ ಉಸಿರು ಒತ್ತಿ ಬೀಳುತ್ತದೆ ಎಂಬುದರಲ್ಲಿ.

ಒಂದು ಉದಾಹರಣೆ ಕೇಳಿ. 'ಪರ್ಲಾರೆ' ಎಂದರೆ ಮಾತನಾಡುವುದು. ಪಾರ್ಲೊ, ಪಾರ್ಲಿ, ಪಾರ್ಲ. ನಾನು, ನೀನು, ಅವನು ಅಥವಾ ಅವಳು. ಇಲ್ಲಿ ಭಾರ ಧಾತುವಿನ ಮೇಲಿದೆ. ಮುಂದಿನ ಎರಡು, ನಾವು ಮತ್ತು ನೀವು: ಪರ್ಲ್ಯಾಮೊ, ಪರ್ಲಾತೆ. ಭಾರ ಪ್ರತ್ಯಯಕ್ಕೆ ಜಾರಿತು. ಕೊನೆಯದು, ಅವರು: ಪಾರ್ಲನೊ. ಭಾರ ಮತ್ತೆ ಧಾತುವಿಗೆ ಬಂತು. ಒಂದು, ಎರಡು, ಮೂರು, ಆರನೆಯ ರೂಪಗಳು ಒಂದು ಗುಂಪು. ನಾಲ್ಕು, ಐದು ಇನ್ನೊಂದು ಗುಂಪು.

ಈಗ 'ಹೋಗು' ಎಂಬ ಅರ್ಥದ ಅಂದಾರೆ. ವಾದೊ, ವಾಯ್, ವಾ... ಅಂದ್ಯಾಮೊ, ಅಂದಾತೆ... ವಾನ್ನೊ. ಮತ್ತೆ ಅದೇ ಗುಂಪುಗಾರಿಕೆ! ಮುಗಿಸು ಎಂಬ ಅರ್ಥದ ಫಿನೀರೆ ನೋಡಿ: ಫಿನಿಸ್ಕೊ, ಫಿನಿಶ್ಶಿ, ಫಿನಿಶ್ಶೆ, ಫಿನ್ಯಾಮೊ, ಫಿನೀತೆ, ಫಿನಿಸ್ಕೊನೊ. ನಡುವೆ ತೂರಿಕೊಳ್ಳುವ 'ಇಸ್ಕ್' ನಾವು, ನೀವು ರೂಪಗಳಲ್ಲಿ ಮಾಯ. ಸಾಯುವುದಕ್ಕೆ ಮೊರೀರೆ: ಮೂರನೆಯ ರೂಪ ಮ್ವೋರೆ, ನಾಲ್ಕನೆಯದು ಮೊರ್ಯಾಮೊ. ಲ್ಯಾಟಿನ್ ಭಾಷೆ ಇಟಾಲಿಯನ್ ಆಗುತ್ತಾ ಬಂದಾಗ ಭಾರ ಬಿದ್ದ ಸ್ವರ ಒಂದು ದಾರಿ ಹಿಡಿಯಿತು, ಭಾರ ಬೀಳದ ಸ್ವರ ಇನ್ನೊಂದು ದಾರಿ ಹಿಡಿಯಿತು.

ತೊಡಕು ಎಲ್ಲಿ ಗೊತ್ತೇ? ಇಟಾಲಿಯನ್ ಬರವಣಿಗೆಯಲ್ಲಿ ಸ್ವರಭಾರದ ಗುರುತು ಸಾಮಾನ್ಯವಾಗಿ ಪದದ ಕೊನೆಯ ಸ್ವರಕ್ಕೆ ಭಾರ ಬಿದ್ದಾಗ ಮಾತ್ರ ಕಾಣುತ್ತದೆ. 'ಅವರು ವಾಸಿಸುತ್ತಾರೆ' ಎಂಬುದಕ್ಕೆ ಆಬಿತನೊ ಎನ್ನಬೇಕು. ಕಣ್ಣಿನಿಂದಷ್ಟೇ ಓದಿದವರು ಅಬಿತಾನೊ ಎಂದುಬಿಡುತ್ತಾರೆ. ಅದಕ್ಕೇ ಕೈಪಿಡಿ ಕೊಳ್ಳುವಾಗ ಪದದ ಒಳಗಿನ ಭಾರವನ್ನೂ ಗೆರೆಯಿಂದಲೋ ಚುಕ್ಕೆಯಿಂದಲೋ ತೋರಿಸಿದ ಪುಸ್ತಕವನ್ನೇ ಆರಿಸಿ. ಹೆಚ್ಚು ಕ್ರಿಯಾಪದಗಳಿವೆ ಎಂದು ದಪ್ಪ ಪುಸ್ತಕ ಕೊಳ್ಳುವುದಕ್ಕಿಂತ ಇದು ಮೇಲು.

ಪಸ್ಸಾತೊ ರೆಮೊತೊ ಎಂಬ ದೂರದ ಭೂತಕಾಲ ಎಲ್ಲರನ್ನೂ ಕಾಡುತ್ತದೆ. ಸಿಸಿಲಿಯಂಥ ದಕ್ಷಿಣದ ಕಡೆ ಮಾತಿನಲ್ಲೂ ಅದು ಬಳಕೆಯಲ್ಲಿದೆ. ಮಿಲಾನೊ ಕಡೆ ಮಾತಿನಲ್ಲಿ ಅಪರೂಪ. ಕಥೆ, ಕಾದಂಬರಿ, ಚರಿತ್ರೆ ಓದುವವರಿಗಂತೂ ಅದಿಲ್ಲದೆ ಗತಿಯಿಲ್ಲ. 'ಬರೆ' ಎಂಬ ಅರ್ಥದ ಸ್ಕ್ರೀವೆರೆ ತೆಗೆದುಕೊಳ್ಳೋಣ: ಸ್ಕ್ರಿಸ್ಸಿ, ಸ್ಕ್ರಿವೆಸ್ತಿ, ಸ್ಕ್ರಿಸ್ಸೆ, ಸ್ಕ್ರಿವೆಮ್ಮೊ, ಸ್ಕ್ರಿವೆಸ್ತೆ, ಸ್ಕ್ರಿಸ್ಸೆರೊ. ಬದಲಾದದ್ದು ಒಂದು, ಮೂರು, ಆರನೆಯ ರೂಪಗಳು ಮಾತ್ರ. ಭಾರ ಧಾತುವಿನ ಮೇಲೆ ಬೀಳುವುದೂ ಅಲ್ಲೇ. 'ಸ್ಕ್ರಿಸ್ಸಿ' ಒಂದು ಬಾಯಿಗೆ ಬಂದರೆ ಉಳಿದ ಐದನ್ನು ನೀವೇ ಕಟ್ಟಬಹುದು.

ಕೈಪಿಡಿಯ ಕೊನೆಯಲ್ಲಿರುವ ಅಕಾರಾದಿಯನ್ನು ಬಹಳ ಜನ ಮುಟ್ಟುವುದೇ ಇಲ್ಲ. ನನ್ನ ಮಟ್ಟಿಗೆ ಪುಸ್ತಕದ ಅರ್ಧ ಬೆಲೆ ಅದರಲ್ಲೇ ಇದೆ. ಹಿಡಿ ಎಂಬ ಅರ್ಥದ ಪ್ರೆಂದೆರೆ ಕಲಿತವರಿಗೆ ಕೊಂಪ್ರೆಂದೆರೆ, ಅಪ್ಪ್ರೆಂದೆರೆ, ಸೊರ್ಪ್ರೆಂದೆರೆ ಹೊಸದಾಗಿ ಕಲಿಯುವಂಥವಲ್ಲ. ಅಕಾರಾದಿ ಅವನ್ನೆಲ್ಲ ಒಂದೇ ಮಾದರಿಗೆ ಕಳಿಸುತ್ತದೆ. ಹಾಕು ಎಂಬ ಅರ್ಥದ ಮೆತ್ತೆರೆ, ಹಿಡಿದುಕೊಳ್ಳು ಎಂಬ ಅರ್ಥದ ತೆನೇರೆ, ಇಡು ಎಂಬ ಅರ್ಥದ ಪೊರ್ರೆ ಇವಕ್ಕೂ ಹೀಗೆಯೇ ದೊಡ್ಡ ಬಳಗವಿದೆ.

ಇನ್ನು, ಕನ್ನಡದವರಿಗೆ ಹುಟ್ಟಿನಿಂದಲೇ ಬಂದ ಕೆಲವು ಅನುಕೂಲಗಳನ್ನು ಹೇಳಲೇಬೇಕು. 'ನಾಳೆ ಬರ್ತೀನಿ' ಎಂದರೆ ಸಾಕು, 'ನಾನು' ಬೇಕಿಲ್ಲ. ಇಟಾಲಿಯನ್ನಿನಲ್ಲೂ ಹಾಗೆಯೇ, ಬರೀ 'ವೆಂಗೊ'. ನಮ್ಮ ಕಿವಿ ಕತೆಯನ್ನೂ ಕತ್ತೆಯನ್ನೂ ಎಂದಿಗೂ ಗೊಂದಲ ಮಾಡಿಕೊಳ್ಳುವುದಿಲ್ಲ. ಅವರಲ್ಲಿ ಪರ್ಲೆರೇಮೊ ಎಂದರೆ 'ಮಾತಾಡುತ್ತೇವೆ', ನಾಳೆಯ ಮಾತು. ಪರ್ಲೆರೆಮ್ಮೊ ಎಂದರೆ 'ಮಾತಾಡುತ್ತಿದ್ದೆವು, ಸಾಧ್ಯವಿದ್ದಿದ್ದರೆ'. ಒಂದು ಒತ್ತಕ್ಷರದ ವ್ಯತ್ಯಾಸ. ಇಂಗ್ಲಿಷ್ ಮಾತೃಭಾಷೆಯವರು ಇದಕ್ಕೆ ಹೆಣಗುತ್ತಾರೆ, ನಮಗೆ ಅದು ತಾನಾಗಿ ಕೇಳಿಸುತ್ತದೆ. 'ನನಗೆ ಕಾಫಿ ಇಷ್ಟ' ಎಂಬ ನಮ್ಮ ವಾಕ್ಯದ ಅಚ್ಚಿನಲ್ಲೇ ಅವರೂ 'ಮಿ ಪ್ಯಾಚೆ ಇಲ್ ಕಫ್ಫೆ' ಎನ್ನುತ್ತಾರೆ. ಇಷ್ಟವಾದದ್ದು ಹಲವಾದರೆ ಪ್ಯಾಚ್ಚೊನೊ. ದಿನಬಳಕೆಗೆ ಕೈಪಿಡಿಯಲ್ಲಿ ಆ ಕ್ರಿಯಾಪದದ ಪುಟದಿಂದ ಈ ಎರಡು ರೂಪ ಸಾಕು. ದಯವಿಟ್ಟು ಇಟಾಲಿಯನ್ನನ್ನು ಇಂಗ್ಲಿಷಿನ ಮೂಲಕವೇ ಹಾಯಿಸಬೇಡಿ; ನೇರ ದಾರಿ ಮನೆಯಲ್ಲೇ ಇದೆ.

ಒಂದು ಕಡೆ ಮಾತ್ರ ಕನ್ನಡ ಕೈಕೊಡುತ್ತದೆ. 'ನಾನು ಹೋದೆ' ಎಂದು ಗಂಡಸು ಹೇಳಿದರೂ ಹೆಂಗಸು ಹೇಳಿದರೂ ನಮ್ಮಲ್ಲಿ ಒಂದೇ. ಇಟಾಲಿಯನ್ನಿನಲ್ಲಿ ಗಂಡಸು 'ಸೊನೊ ಅಂದಾತೊ' ಎನ್ನಬೇಕು, ಹೆಂಗಸು 'ಸೊನೊ ಅಂದಾತ'. ಹಿಂದಿ ಬಲ್ಲವರಿಗೆ ಇದು ಹೊಸದೇನಲ್ಲ. ಆದರೆ ತಿಂದೆ ಎನ್ನಲು ಇಬ್ಬರೂ 'ಓ ಮಂಜಾತೊ'. ಅಲ್ಲಿ ಸಹಾಯಕ ಕ್ರಿಯಾಪದವೇ ಬೇರೆ. ಯಾವುದಕ್ಕೆ 'ಇರು' ಎಂಬ ಅರ್ಥದ ಎಸ್ಸೆರೆ (ಸೊನೊ ಅದರ ರೂಪ), ಯಾವುದಕ್ಕೆ 'ಹೊಂದಿರು' ಎಂಬ ಅರ್ಥದ ಅವೇರೆ (ಓ ಅದರ ರೂಪ) ಎಂಬುದು ಒಳ್ಳೆಯ ಕೈಪಿಡಿಯಲ್ಲಿ ಪುಟದ ತಲೆಯಲ್ಲೇ ಇರುತ್ತದೆ. ಕೋಷ್ಟಕಕ್ಕೆ ಇಳಿಯುವ ಮೊದಲು ಅದನ್ನು ಓದಿ, ಅಂದಾತೊ, ಮಂಜಾತೊಗಳಂಥ ಭೂತ ಕೃದಂತದ ಜೊತೆಗೇ ನೆನಪಿಡಿ.

ಪುಸ್ತಕ ತೆರೆಯುವ ಮುನ್ನ ಹೇಳಬೇಕೆನಿಸಿದ ಒಂದು ವಾಕ್ಯ ಕೈಯಲ್ಲಿರಲಿ. 'ನಾವು ಸಂಜೆ ಹೊರಗೆ ಹೋಗುತ್ತೇವೆ' ಎನ್ನಬೇಕೆಂದುಕೊಳ್ಳಿ. ಹೊರಗೆ ಹೋಗುವುದಕ್ಕೆ ಉಶ್ಶೀರೆ. ನಾನು ಎಂಬುದಕ್ಕೆ ಎಸ್ಕೊ, ನೀನು ಎಂಬುದಕ್ಕೆ ಎಶ್ಶಿ, ಅವಳು ಎಂಬುದಕ್ಕೆ ಎಶ್ಶೆ. ನಾವು ಎಂಬಲ್ಲಿ ಏನಾಗಬಹುದು, ಊಹಿಸಿ. ಭಾರ ಪ್ರತ್ಯಯಕ್ಕೆ ಜಾರಿತಲ್ಲವೇ, ಮೊದಲಿನ 'ಎ' ಹೋಗಿ 'ಉ' ಬಂತು: ಉಶ್ಶಾಮೊ. ನೀವು: ಉಶ್ಶೀತೆ. ಇನ್ನು ಅವರು? ಎಸ್ಕೊನೊ.

ನಮಸ್ಕಾರ.