ವೆಂಕಟೇಶ್ ಪ್ರಸಾದ್: ಕೈಯಲ್ಲಿ ಬಾಲ್ ಇದ್ದಾಗ, ಇಲ್ಲದಾಗ

[ಸ್ಕ್ರೀನ್ ಮೇಲೆ: ಚಿನ್ನಸ್ವಾಮಿ ಸ್ಟೇಡಿಯಂ, 9 ಮಾರ್ಚ್ 1996]

ವರ್ಲ್ಡ್ ಕಪ್ ಕ್ವಾರ್ಟರ್ ಫೈನಲ್, ಭಾರತ-ಪಾಕಿಸ್ತಾನ. ನಮ್ಮ ಫಾಸ್ಟ್ ಬೌಲರ್ ವೆಂಕಟೇಶ್ ಪ್ರಸಾದ್ ಬಾಲ್‌ಗೆ ಪಾಕಿಸ್ತಾನದ ಆಮಿರ್ ಸೊಹೇಲ್ ಫೋರ್ ಬಾರಿಸಿ, ಬ್ಯಾಟ್ ಎತ್ತಿ ಬೌಂಡರಿ ತೋರಿಸ್ತಾರೆ. ಮುಂದಿನ ಬಾಲ್‌ಗೆ ಆಫ್ ಸ್ಟಂಪ್ ಕಿತ್ಕೊಂಡು ಹೋಗುತ್ತೆ. ಆಮೇಲೆ ಪ್ರಸಾದ್ ಪೆವಿಲಿಯನ್ ದಾರಿ ತೋರಿಸಿದ್ದು ಎಲ್ಲರಿಗೂ ಬಾಯಿಪಾಠ. ಆದ್ರೆ ಇವತ್ತು ಸ್ವಲ್ಪ ಆ ಬಾಲ್ ನೋಡಿ.

[ಸ್ಲೋ ಮೋಷನ್]

ಮೈಯೆಲ್ಲ ಉರೀತಿರುವಾಗ ಫಾಸ್ಟ್ ಬೌಲರ್ ಕೈ ತಾನಾಗೇ ತಲೆಯೆತ್ತರಕ್ಕೆ ಪುಟಿಯೋ ಬೌನ್ಸರ್ ಕಡೆ ಹೋಗುತ್ತೆ. ಪ್ರಸಾದ್ ಹಾಗೆ ಮಾಡ್ಲಿಲ್ಲ. ಲೆಂತ್, ಅಂದ್ರೆ ಬಾಲ್ ನೆಲಕ್ಕೆ ಬೀಳೋ ಜಾಗ, ಬಿಡದೆ ನೇರ ಸ್ಟಂಪ್‌ಗೇ ಹಾಕಿದ್ರು. ಸೊಹೇಲ್ ಮತ್ತೆ ಅದೇ ಕಡೆ ಬೀಸಿದ್ರು, ತಪ್ಪಿತು. ಆ ಒಂದು ಬಾಲ್‌ನಲ್ಲೇ ನನಗೆ ಮುಂದಿನ ಕೋಚ್ ಕಾಣಿಸ್ತಾರೆ.

ಶ್ರೀನಾಥ್ ಅವರ ವೇಗ ಪ್ರಸಾದ್‌ಗೆ ಇರಲಿಲ್ಲ. ಇದ್ದಿದ್ದು ಲೆಗ್ ಕಟರ್. ಓಡಿ ಬರೋದು ಅದೇ ಥರ, ತೋಳು ತಿರುಗೋದೂ ಅದೇ ಥರ. ಬಿಡುವಾಗ ಬೆರಳು ಮಾತ್ರ ಬಾಲನ್ನ ಅಡ್ಡಕ್ಕೆ ಎಳೆಯುತ್ತೆ. ಬ್ಯಾಟ್ಸ್‌ಮನ್ ತೋಳು ನೋಡಿ ಶಾಟ್ ಮುಗಿಸಿರ್ತಾನೆ, ಬಾಲ್ ಇನ್ನೂ ಬರ್ತಾ ಇರುತ್ತೆ. 33 ಟೆಸ್ಟ್‌ನಲ್ಲಿ 96, 161 ಒನ್‌ಡೇಯಲ್ಲಿ 196 ವಿಕೆಟ್. 1999ರ ಚೆನ್ನೈ ಟೆಸ್ಟ್‌ನಲ್ಲಿ ಪಾಕಿಸ್ತಾನದ ವಿರುದ್ಧ 33 ರನ್‌ಗೆ 6. ಅದರಲ್ಲಿ ಕೊನೆಯ ಐದಕ್ಕೆ ಕೊಟ್ಟ ರನ್ ಸೊನ್ನೆ! ಆದ್ರೂ ನಾವು 12 ರನ್‌ನಿಂದ ಸೋತ್ವಿ. ಆ ಸಂಕಟ ಇನ್ನೂ ಹೋಗಿಲ್ಲ.

ಇಂಥದ್ದೇ ಇನ್ನೊಂದು, ಡಿಸೆಂಬರ್ 1996, ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್, ಡರ್ಬನ್‌ನ ಕಿಂಗ್ಸ್‌ಮೀಡ್ ಗ್ರೌಂಡ್. ಎರಡೂ ಇನಿಂಗ್ಸ್‌ನಲ್ಲಿ ಐದೈದು ವಿಕೆಟ್ ಕಿತ್ತರು. ನಮ್ಮ ಬ್ಯಾಟಿಂಗ್ 100ಕ್ಕೆ, ಆಮೇಲೆ 66ಕ್ಕೆ ಮುಗೀತು. ಕಿಂಗ್ಸ್‌ಮೀಡ್ ಅನ್ನೋ ಹೆಸರು ನೆನಪಿಟ್ಕೊಳ್ಳಿ.

2005ರಲ್ಲಿ ನಿವೃತ್ತಿ. 2006ರ ಅಂಡರ್-19 ವರ್ಲ್ಡ್ ಕಪ್‌ನಲ್ಲಿ ಅವರು ಕೋಚ್. ರೋಹಿತ್, ಪೂಜಾರ, ಜಡೇಜ ಇದ್ದ ಆ ತಂಡ ಫೈನಲ್‌ವರೆಗೂ ಹೋಯ್ತು. 2007ರಲ್ಲಿ ಸೀನಿಯರ್ ತಂಡದ ಬೌಲಿಂಗ್ ಕೋಚ್ ಆದ್ರು. ಅದೇ ವರ್ಷ ಇಂಗ್ಲೆಂಡ್‌ನಲ್ಲಿ ಟೆಸ್ಟ್ ಸರಣಿ ಗೆದ್ವಿ, ಜಹೀರ್ ಮೂರು ಟೆಸ್ಟ್‌ನಲ್ಲಿ 18 ವಿಕೆಟ್ ತೆಗೆದ್ರು. 2009ರ ಅಕ್ಟೋಬರ್‌ನಲ್ಲಿ ಪ್ರಸಾದ್‌ರನ್ನ ಆ ಜಾಗದಿಂದ ಕೈಬಿಟ್ರು. ನನ್ನ ಪ್ರಕಾರ ಅದು ಅವಸರದ ತೀರ್ಮಾನ.

[ಸ್ಕ್ರೀನ್ ಮೇಲೆ: ಕಿಂಗ್ಸ್‌ಮೀಡ್, 14 ಸೆಪ್ಟೆಂಬರ್ 2007]

ಟಿ20 ವರ್ಲ್ಡ್ ಕಪ್. ಅದೇ ಗ್ರೌಂಡ್, ಎದುರಿಗೆ ಪಾಕಿಸ್ತಾನ. ಎರಡೂ ಕಡೆ 141, ಮ್ಯಾಚ್ ಟೈ. ಆಗ ಟೈ ಬಿಡಿಸೋಕೆ ಸೂಪರ್ ಓವರ್ ಇಲ್ಲ, ಬೌಲ್-ಔಟ್. ಬ್ಯಾಟ್ಸ್‌ಮನ್ ಇಲ್ಲದ ಖಾಲಿ ಸ್ಟಂಪ್‌ಗೆ ಹೊಡೀಬೇಕು.

ಪ್ರಸಾದ್ ಇದನ್ನ ಪ್ರಾಕ್ಟೀಸ್‌ನಲ್ಲೇ ಮಾಡಿಸಿದ್ರು. ಯಾರ ಬಾಲ್ ಪದೇ ಪದೇ ಸ್ಟಂಪ್‌ಗೆ ತಾಗುತ್ತೆ ಅಂತ ಗಮನಿಸಿದ್ರು. ತಾಗ್ತಾ ಇದ್ದಿದ್ದು ಸೆಹ್ವಾಗ್, ಹರ್ಭಜನ್, ಮತ್ತೆ ನಮ್ಮ ರಾಬಿನ್ ಉತ್ತಪ್ಪ. ಮೂವರಲ್ಲಿ ಒಬ್ಬನೂ ಫಾಸ್ಟ್ ಬೌಲರ್ ಅಲ್ಲ! ಅವರನ್ನೇ ಕಳಿಸಿದ್ರು. ಧೋನಿ ಸ್ಟಂಪ್ ಹಿಂದೆ ನೇರಕ್ಕೆ ಮಂಡಿಯೂರಿ ಕೂತ್ರು, ಅವರ ಎದೆಗೆ ಗುರಿ ಇಟ್ರೆ ಸಾಕು.

ಸೆಹ್ವಾಗ್, ತಾಗ್ತು. ಯಾಸಿರ್ ಅರಾಫತ್, ಇಲ್ಲ. ಹರ್ಭಜನ್, ತಾಗ್ತು. ಉಮರ್ ಗುಲ್, ಇಲ್ಲ. ಉತ್ತಪ್ಪ ಓಡಿ ಬಂದ, ಬೇಲ್ಸ್ ಬಿತ್ತು, ಕ್ಯಾಪ್ ತೆಗೆದು ಬಾಗಿ ನಮಸ್ಕಾರ ಮಾಡಿದ. ಆಫ್ರಿದಿ ಹಾಕಿದ್ದೂ ತಾಗಲಿಲ್ಲ.

ಮೂರಕ್ಕೆ ಸೊನ್ನೆ, ಕಿಂಗ್ಸ್‌ಮೀಡ್‌ನಲ್ಲಿ.